ಡೇಟಾಬೇಸ್ ಫೈಲು ನೆಟ್‌ವರ್ಕ್ ಮೇಲಿದ್ದರೆ ಹೊಣೆ ಯಾರದು? ವೆಂಡರ್ ಸಪೋರ್ಟ್ ಹೋಲಿಸಿ ಆರಿಸುವ ಬಗೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ. ಅಲ್ಲಿನ ಬಿಲ್ಲು, ಡೆಲಿವರಿ ಚಲನ್, ಸ್ಟಾಕು ಎಲ್ಲವೂ ಒಂದು ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ. ಸರ್ವರಿನ ಡಿಸ್ಕ್ ತುಂಬುತ್ತ ಬಂದಾಗ ಎಸ್‌ಪಿ ರಸ್ತೆಯಿಂದ ನಾಲ್ಕು ಡಿಸ್ಕಿನ ಒಂದು ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್ ಮೇಲೆ ಫೈಲು ಹಂಚುವ ಸ್ಟೋರೇಜ್) ತಂದು, ಎನ್‌ಎಫ್‌ಎಸ್ ಎಂಬ ಫೈಲು ಹಂಚಿಕೆಯ ಪ್ರೋಟೋಕಾಲ್ ಮೂಲಕ ಜೋಡಿಸಿ, ಡೇಟಾಬೇಸಿನ ಫೈಲುಗಳಿರುವ ಡೇಟಾ ಡೈರೆಕ್ಟರಿಯನ್ನೇ ಅದರ ಮೇಲೆ ಎತ್ತಿಟ್ಟರು. ಜೋಡಿಸಿಕೊಟ್ಟವರು "ಓಡುತ್ತೆ ಸಾರ್, ಏನೂ ಆಗಲ್ಲ" ಅಂದರು. ಒಂದೂವರೆ ವರ್ಷ ಓಡಿತು ಕೂಡ.

ಮೇ ತಿಂಗಳ ಒಂದು ಸಂಜೆ ಗಾಳಿ ಮಳೆಗೆ ಕರೆಂಟು ಹೋಯಿತು. ಸರ್ವರಿಗೆ ಯುಪಿಎಸ್ ಇತ್ತು. ನ್ಯಾಸ್ ಪೆಟ್ಟಿಗೆಯ ಯುಪಿಎಸ್ ಬ್ಯಾಟರಿ ಸತ್ತು ಹೋಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಪೆಟ್ಟಿಗೆ ಆರಿ, ಐದು ನಿಮಿಷದ ಮೇಲೆ ತಾನೇ ಎದ್ದಿತು. ಅಷ್ಟು ಹೊತ್ತೂ ಮೈಎಸ್‌ಕ್ಯುಎಲ್ ಕಾದು ಕುಳಿತಿದ್ದು, ಪೆಟ್ಟಿಗೆ ಬಂದ ಕೂಡಲೇ ಕೆಲಸ ಮುಂದುವರಿಸಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮರುದಿನ ರಾತ್ರಿ ಬೇರೇನೋ ಕಾರಣಕ್ಕೆ ಸರ್ವರ್ ರೀಸ್ಟಾರ್ಟ್ ಮಾಡಿದಾಗ ಡೇಟಾಬೇಸ್ ಏಳಲೇ ಇಲ್ಲ. ಲಾಗಿನಲ್ಲಿ ಸಾಲುಸಾಲಾಗಿ ಒಂದೇ ದೂರು: ಈ ಪುಟದ ಲಾಗ್ ಸಂಖ್ಯೆ ಭವಿಷ್ಯದಲ್ಲಿದೆ. ಅಂದರೆ ಡೇಟಾ ಪುಟಗಳು ಮುಂದೆ ಹೋಗಿವೆ, ಅವಕ್ಕೆ ಸಾಕ್ಷಿಯಾಗಬೇಕಿದ್ದ, ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ಲಾಗು ಹಿಂದೆ ಉಳಿದಿದೆ. ವೇಗ ಬರಲಿ ಅಂತ ಪೆಟ್ಟಿಗೆಯ ಎಕ್ಸ್‌ಪೋರ್ಟನ್ನು, ಅಂದರೆ ಅದು ಫೈಲು ಹಂಚುವ ಸೆಟ್ಟಿಂಗನ್ನು, ಅಸಿಂಕ್ (ಡಿಸ್ಕಿಗೆ ಬರೆಯುವ ಮೊದಲೇ ಆಯಿತು ಅನ್ನುವ ಬಗೆ) ಮಾಡಿಟ್ಟಿದ್ದರು. "ಬರೆದಾಯಿತು" ಅಂತ ಅದು ಕೊಟ್ಟ ಮಾತಿನಲ್ಲಿ ಒಂದಿಷ್ಟು ಇನ್ನೂ ಡಿಸ್ಕ್ ಮುಟ್ಟಿರಲೇ ಇಲ್ಲ.

ನನ್ನನ್ನು ಕರೆಸಿದ್ದು ಆಮೇಲೆ. ಅಷ್ಟರಲ್ಲಿ ಅವರು ಮೂರು ಕಡೆ ಫೋನು ಮಾಡಿದ್ದರು. ಡೇಟಾಬೇಸ್ ನೋಡಿಕೊಳ್ಳುವವರು ಸ್ಟೋರೇಜಿನ ಕಡೆ ಬೆರಳು ತೋರಿಸಿದ್ದರು. ಪೆಟ್ಟಿಗೆ ಮಾರಿದವರು, ಡಿಸ್ಕ್ ಎಲ್ಲ ಹಸಿರು ದೀಪ ತೋರಿಸ್ತಿದೆ, ನಮ್ಮದೇನೂ ತಪ್ಪಿಲ್ಲ ಎಂದಿದ್ದರು. ಜೋಡಿಸಿದವರು ನೆಟ್‌ವರ್ಕ್ ಸ್ವಿಚ್ ನೋಡಿಸಿ ಎಂದಿದ್ದರು. ಕಾರ್ಖಾನೆಯ ಯಜಮಾನರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಇದಕ್ಕೆ ಯಾರನ್ನ ಕೇಳ್ಬೇಕು ಸಾರ್?" ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಅದನ್ನು ಎತ್ತಿದೆವು. ಉಳಿದ ಒಂದು ದಿನದ ಚಲನ್‌ಗಳನ್ನು ಅಕೌಂಟ್ಸ್ ಮೇಡಂ ಕಾರ್ಬನ್ ಪ್ರತಿ ನೋಡಿ ಕೈಯಿಂದ ತುಂಬಿದರು.

ಯಜಮಾನರ ಆ ಪ್ರಶ್ನೆಯನ್ನೇ ಹಿಡಿದು ಇದನ್ನು ಬರೆಯುತ್ತಿದ್ದೇನೆ. ನೆಟ್‌ವರ್ಕ್ ಫೈಲ್ ಸ್ಟೋರೇಜ್ ಮೇಲೆ ಡೇಟಾಬೇಸ್ ಇಡಬಹುದೇ ಎಂದು ಕೇಳಿದರೆ ಬಹುತೇಕ ಎಲ್ಲದಕ್ಕೂ "ಇಡಬಹುದು" ಎಂಬ ಉತ್ತರ ಸಿಗುತ್ತದೆ. ಕೆಟ್ಟಾಗ ಯಾರು ಬರುತ್ತಾರೆ ಎಂದು ಕೇಳಿದರೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಮೂರು ಬಗೆಯ "ಹೂಂ"

ವೆಂಡರ್‌ಗಳ ಕೈಪಿಡಿಗಳನ್ನು ಓದಿ ಓದಿ ನಾನು ಅವರ ಒಪ್ಪಿಗೆಯನ್ನು ಮೂರು ಮೆಟ್ಟಿಲು ಮಾಡಿಕೊಂಡಿದ್ದೇನೆ. ಮೊದಲನೆಯದು "ಓಡುತ್ತೆ". ಸಾಫ್ಟ್‌ವೇರ್ ತಡೆಯುವುದಿಲ್ಲ, ಫೈಲು ತೆರೆಯುತ್ತದೆ, ಅಷ್ಟೇ. ಎರಡನೆಯದು "ಬೇಡ ಅನ್ನಲ್ಲ". ಕೈಪಿಡಿಯಲ್ಲಿ ಷರತ್ತುಗಳಿವೆ, ಅವನ್ನು ಪಾಲಿಸಿದರೆ ನಿಮ್ಮ ಟಿಕೆಟ್ ತೆಗೆದುಕೊಳ್ಳುತ್ತಾರೆ. ಆದರೆ ತಪ್ಪು ಸ್ಟೋರೇಜಿನದು ಎಂದು ಕಂಡ ಕ್ಷಣ ನಿಮ್ಮನ್ನು ಅತ್ತ ಕಳಿಸುತ್ತಾರೆ. ಮೂರನೆಯದು "ನಾವು ನೋಡ್ಕೋತೀವಿ". ಇಂಥ ಆವೃತ್ತಿ, ಇಂಥ ಪ್ರೋಟೋಕಾಲ್, ಇಂಥ ಆಯ್ಕೆಗಳು ಎಂದು ಬರೆದುಕೊಟ್ಟು, ಸ್ಟೋರೇಜ್ ಕಂಪನಿಯ ಜೊತೆ ತಾವೇ ಮಾತಾಡುತ್ತಾರೆ.

ಸೇಲ್ಸ್ ಮೀಟಿಂಗಿನಲ್ಲಿ ಮೂರಕ್ಕೂ "ಸಪೋರ್ಟೆಡ್" ಎಂಬ ಒಂದೇ ಪದ ಬಳಸುತ್ತಾರೆ. ಪೀಣ್ಯದಲ್ಲಿ ಆದದ್ದು ಇದೇ. ಮೊದಲನೆಯ ಮೆಟ್ಟಿಲಿನ ಮಾತನ್ನು ಮೂರನೆಯದು ಅಂತ ನಂಬಿದ್ದರು.

ಡೇಟಾಬೇಸಿಗೆ ಬೇಕಾದ್ದೇನು

ಹೋಲಿಸುವ ಮುಂಚೆ ಇಷ್ಟು ತಿಳಿದಿರಬೇಕು. ಡೇಟಾಬೇಸ್ ತನ್ನ ಕೆಳಗಿನ ಸ್ಟೋರೇಜಿನಿಂದ ಕೇಳುವುದು ಮುಖ್ಯವಾಗಿ ಮೂರು ಮಾತು. ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸು ಎಂಬ ಆಜ್ಞೆ) ಮುಗಿಯಿತು ಅಂದರೆ ಕರೆಂಟು ಹೋದರೂ ಡೇಟಾ ಉಳಿಯಬೇಕು. ಬರೆಯಲು ಆಗದಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಇಬ್ಬರು ಒಂದೇ ಫೈಲನ್ನು ಏಕಕಾಲಕ್ಕೆ ತಮ್ಮದೆಂದು ಹಿಡಿಯಬಾರದು. ಮದರ್‌ಬೋರ್ಡಿಗೇ ಕೂತ ಡಿಸ್ಕಿನಲ್ಲಿ ಈ ಮೂರಕ್ಕೂ ಒಬ್ಬನೇ ಜವಾಬ್ದಾರ. ಎನ್‌ಎಫ್‌ಎಸ್‌ನಲ್ಲಿ ಕ್ಲೈಂಟ್ (ಡೇಟಾಬೇಸ್ ಓಡುವ ಯಂತ್ರದ ಕಡೆಯ ಎನ್‌ಎಫ್‌ಎಸ್ ಕೋಡ್), ನೆಟ್‌ವರ್ಕ್, ಸರ್ವರ್ (ಇಲ್ಲಿ ನ್ಯಾಸ್ ಪೆಟ್ಟಿಗೆ), ಅದರ ಕೆಳಗಿನ ಡಿಸ್ಕ್ ಎಂದು ನಾಲ್ಕು ಜನ ಪಾಲುದಾರರು.

ಎನ್‌ಎಫ್‌ಎಸ್ 3 ಬಂದದ್ದು 1995ರಲ್ಲಿ. ಅದರಲ್ಲಿ ಫೈಲನ್ನು ಒಬ್ಬರೇ ಹಿಡಿದಿಡುವ ಲಾಕ್ ಎಂಬುದು ಪಕ್ಕದಲ್ಲಿ ಓಡುವ ಬೇರೆಯೇ ಒಂದು ಸೇವೆ. ಕ್ಲೈಂಟ್ ಸತ್ತರೆ ಅದರ ಲಾಕು ಹಾಗೇ ಸರ್ವರಿನಲ್ಲಿ ನೇತಾಡುವುದುಂಟು. ಎನ್‌ಎಫ್‌ಎಸ್ 4ರಲ್ಲಿ ಲಾಕು ಪ್ರೋಟೋಕಾಲಿನ ಒಳಗೇ ಬಂತು. ಅದು ಗುತ್ತಿಗೆಯಂತೆ: ಕ್ಲೈಂಟ್ ಆಗಾಗ ನವೀಕರಿಸದಿದ್ದರೆ ಅವಧಿ ಮುಗಿದು ಬಿಟ್ಟುಹೋಗುತ್ತದೆ. 4.1 ಬಂದದ್ದು 2010ರಲ್ಲಿ, 4.2 ಬಂದದ್ದು 2016ರಲ್ಲಿ. ಈ ಚುಕ್ಕಿಯ ನಂತರದ ಅಂಕಿಯನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ಮುಂದೆ ಒಂದು ಕಡೆ ಅದೇ ನಿರ್ಣಾಯಕವಾಗುತ್ತದೆ.

ಇನ್ನು ಮೌಂಟ್ ಮಾಡುವಾಗಿನ (ಪೆಟ್ಟಿಗೆಯ ಫೈಲುಗಳನ್ನು ಯಂತ್ರಕ್ಕೆ ಜೋಡಿಸುವಾಗಿನ) ಹಾರ್ಡ್, ಸಾಫ್ಟ್ ಆಯ್ಕೆಗಳು. ಸರ್ವರ್ ಸಿಗದಿದ್ದರೆ ಹಾರ್ಡ್ ಮೌಂಟ್ ಎಷ್ಟು ಹೊತ್ತಾದರೂ ಕಾಯುತ್ತದೆ, ಸಾಫ್ಟ್ ಮೌಂಟ್ ಸ್ವಲ್ಪ ಕಾದು ತಪ್ಪು ಎಂದು ಹಿಂದಿರುಗುತ್ತದೆ. ಕಾಯುವುದು ಕಿರಿಕಿರಿ ಅನ್ನಿಸಿ ಸಾಫ್ಟ್ ಹಾಕುವವರನ್ನು ತುಂಬ ನೋಡಿದ್ದೇನೆ. ಡೇಟಾಬೇಸಿಗೆ ಅದು ವಿಷ. ಈ ಒಂದು ವಿಷಯದಲ್ಲಿ ನಾನು ಓದಿದ ಎಲ್ಲ ಕೈಪಿಡಿಗಳದ್ದೂ ಒಂದೇ ಮಾತು: ಹಾರ್ಡ್.

ಒರಾಕಲ್: ಕ್ಲೈಂಟನ್ನೇ ತಾವು ಬರೆದವರು

ನೆಟ್‌ವರ್ಕ್ ಫೈಲ್ ಸ್ಟೋರೇಜ್ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವುದು ಒರಾಕಲ್. 2007ರ 11ಜಿ ಆವೃತ್ತಿಯಲ್ಲಿ ಅವರು ಡೈರೆಕ್ಟ್ ಎನ್‌ಎಫ್‌ಎಸ್ ತಂದರು. ಆಪರೇಟಿಂಗ್ ಸಿಸ್ಟಮಿನ ಎನ್‌ಎಫ್‌ಎಸ್ ಕ್ಲೈಂಟನ್ನು ಪಕ್ಕಕ್ಕಿಟ್ಟು, ಡೇಟಾಬೇಸ್ ತಾನೇ ಸ್ಟೋರೇಜಿಗೆ ಸಂಪರ್ಕ ತೆರೆದು ಮಾತಾಡುವ ವ್ಯವಸ್ಥೆ ಇದು. ಒಂದು ಸ್ಟೋರೇಜ್ ಸರ್ವರಿಗೆ ನಾಲ್ಕು ನೆಟ್‌ವರ್ಕ್ ದಾರಿಗಳವರೆಗೆ ಹಂಚಿ ಬಳಸುತ್ತದೆ, ಒಂದು ಕಡಿದರೆ ಉಳಿದವುಗಳ ಮೇಲೆ ಸಾಗುತ್ತದೆ. ಮೊದಲು ಎನ್‌ಎಫ್‌ಎಸ್ 3 ಮಾತ್ರ ಇತ್ತು, 12ಸಿಯಿಂದ 4 ಮತ್ತು 4.1 ಕೂಡ ಸೇರಿವೆ.

ಜನ ಇದನ್ನು ವೇಗದ ವಿಷಯವಾಗಿ ನೋಡುತ್ತಾರೆ. ನನಗೆ ಕಾಣುವುದು ಹೊಣೆಯ ವಿಷಯ. ಮೇಲೆ ಹೇಳಿದ ನಾಲ್ಕು ಪಾಲುದಾರರಲ್ಲಿ ಒಬ್ಬನ ಜಾಗವನ್ನು ಒರಾಕಲ್ ತಾನೇ ತೆಗೆದುಕೊಂಡಿದೆ. ಕೋಡ್ ಅವರದೇ ಆದ್ದರಿಂದ "ಅದು ಲಿನಕ್ಸ್ ಕರ್ನೆಲ್ ಸಮಸ್ಯೆ, ಅವರನ್ನು ಕೇಳಿ" ಅನ್ನುವ ಬಾಗಿಲು ಮುಚ್ಚಿಹೋಗುತ್ತದೆ. ಸಪೋರ್ಟ್ ಒಪ್ಪಂದ ಇದ್ದರೆ ಇದು ಮೂರನೆಯ ಮೆಟ್ಟಿಲಿನ "ಹೂಂ".

ಆದರೆ ಎರಡು ಕಡೆ ಎಡವುತ್ತೇವೆ. ಡೈರೆಕ್ಟ್ ಎನ್‌ಎಫ್‌ಎಸ್ ಆನ್ ಮಾಡಿದ್ದೇವೆ ಎಂದುಕೊಂಡು ಸಂರಚನೆಯ ಫೈಲಿನಲ್ಲಿ ಒಂದು ಹೆಸರು ತಪ್ಪು ಬರೆದರೆ, ಒರಾಕಲ್ ಸದ್ದಿಲ್ಲದೆ ಸಾಮಾನ್ಯ ಕರ್ನೆಲ್ ಎನ್‌ಎಫ್‌ಎಸ್‌ಗೆ ಇಳಿಯುತ್ತದೆ. ಎಲ್ಲ ಓಡುತ್ತಲೇ ಇರುತ್ತದೆ. ವಿ-ಡಾಲರ್-ಡಿಎನ್‌ಎಫ್‌ಎಸ್-ಸರ್ವರ್ಸ್ ಎಂಬ ವ್ಯೂ ತೆರೆದು ನೋಡಿ. ಅದು ಖಾಲಿಯಿದ್ದರೆ ನೀವು ಡೈರೆಕ್ಟ್ ಎನ್‌ಎಫ್‌ಎಸ್ ಬಳಸುತ್ತಿಲ್ಲ. ಅಲರ್ಟ್ ಲಾಗಿನಲ್ಲೂ ಶುರುವಿನಲ್ಲೇ ಡೈರೆಕ್ಟ್ ಎನ್‌ಎಫ್‌ಎಸ್ ಲೈಬ್ರರಿಯ ಹೆಸರು ಕಾಣಬೇಕು.

ಎರಡನೆಯದು ಮೌಂಟ್ ಆಯ್ಕೆಗಳು. ಒರಾಕಲ್ ಬೈನರಿಗಳಿಗೆ (ಪ್ರೋಗ್ರಾಂ ಫೈಲುಗಳಿಗೆ) ಒಂದು ಬಗೆ, ಡೇಟಾ ಫೈಲುಗಳಿಗೆ ಇನ್ನೊಂದು ಬಗೆ. ಲಿನಕ್ಸಿನಲ್ಲಿ ಆರ್‌ಎಸಿ (ನೋಡ್ ಎಂಬ ಹಲವು ಯಂತ್ರಗಳು ಒಂದೇ ಡೇಟಾಬೇಸ್ ನಡೆಸುವ ವ್ಯವಸ್ಥೆ) ಡೇಟಾ ಫೈಲುಗಳಿಗೆ ಹಾರ್ಡ್, ಟಿಸಿಪಿ, ಟೈಮಿಯೋ 600 ಇವುಗಳ ಜೊತೆ ಆ್ಯಕ್ಟಿಮಿಯೋ ಸೊನ್ನೆ (ಫೈಲಿನ ವಿವರವನ್ನು ನೆನಪಿನಲ್ಲಿಡದೆ ಪ್ರತಿ ಸಲ ಕೇಳು ಎಂಬ ಆಯ್ಕೆ) ಇರಲೇಬೇಕು. ಒಂದು ನೋಡ್ ಬೆಳೆಸಿದ ಫೈಲಿನ ಅಳತೆಯನ್ನು ಇನ್ನೊಂದು ನೋಡ್ ಹಳೆಯ ನೆನಪಿನಿಂದ ಓದಬಾರದಲ್ಲ, ಅದಕ್ಕೆ. ಅದನ್ನೇ ಬೈನರಿಗಳ ಮೌಂಟಿಗೂ ಹಾಕಿ "ಎಲ್ಲ ನಿಧಾನ" ಎಂದು ಒದ್ದಾಡುವವರಿದ್ದಾರೆ. ಆಯ್ಕೆ ಸರಿಯಿಲ್ಲದಿದ್ದರೆ ಓಆರ್‌ಎ-27054 ಎಂಬ ತಪ್ಪು ಬರುತ್ತದೆ. ಅದು ಬಂದರೆ ಸುತ್ತುದಾರಿ ಹುಡುಕಬೇಡಿ, ಡೇಟಾಬೇಸ್ ನಿಮ್ಮ ಒಳ್ಳೆಯದಕ್ಕೇ ತಡೆಯುತ್ತಿದೆ.

ಇನ್ನೊಂದು ಮಾತು, ಟೆಂಡರ್ ಬರೆಯುವವರಿಗೆ. ಒಂದು ಕಾಲದಲ್ಲಿ ಒರಾಕಲ್ ಸ್ಟೋರೇಜ್ ಪೆಟ್ಟಿಗೆಗಳನ್ನು ಪರೀಕ್ಷಿಸಿ ಪಟ್ಟಿ ಮಾಡುವ ಕಾರ್ಯಕ್ರಮ ನಡೆಸುತ್ತಿತ್ತು. ತಂತ್ರಜ್ಞಾನ ಪಕ್ವವಾಗಿದೆ ಎಂದು 2007ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ಹಾಗಾಗಿ "ಒರಾಕಲ್ ಸರ್ಟಿಫೈಡ್ ನ್ಯಾಸ್" ಎಂದು ಬ್ರೋಷರಿನಲ್ಲಿ ಕಂಡರೆ, ಆ ಸರ್ಟಿಫಿಕೇಟ್ ಕೊಟ್ಟವರು ಯಾರು, ಯಾವ ವರ್ಷ ಎಂದು ಕೇಳಿ. ಇಂದು ಪೆಟ್ಟಿಗೆಯ ಹೊಣೆ ಪೆಟ್ಟಿಗೆಯ ಕಂಪನಿಯದು. ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಕ್ಯಾಂಪಸ್ ಇಟ್ಟಿರುವ ನೆಟ್‌ಆ್ಯಪ್‌ನಂಥವರು ಯಾವ ಆವೃತ್ತಿಗೆ ಯಾವುದು ಹೊಂದುತ್ತದೆ ಎಂಬ ತಮ್ಮದೇ ಹೊಂದಾಣಿಕೆ ಪಟ್ಟಿ ಇಟ್ಟುಕೊಂಡಿರುತ್ತಾರೆ. ನಿಮ್ಮ ಸಾಲು ಅದರಲ್ಲಿ ಇದೆಯೇ ನೋಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಪೋಸ್ಟ್‌ಗ್ರೆಸ್: ಕೈಪಿಡಿ ನೇರ, ಹೊಣೆ ನಿಮ್ಮದು

ಪೋಸ್ಟ್‌ಗ್ರೆಸ್ ಕೈಪಿಡಿ ಈ ವಿಷಯದಲ್ಲಿ ನನಗೆ ತುಂಬ ಇಷ್ಟ. ಚಿಕ್ಕ ಭಾಗ, ಒಂದೂ ಸುತ್ತುಮಾತಿಲ್ಲ. ಎನ್‌ಎಫ್‌ಎಸ್ ಮೇಲೆ ಡೇಟಾ ಡೈರೆಕ್ಟರಿ ಇಡಬಹುದು, ಅದಕ್ಕಾಗಿ ನಾವು ವಿಶೇಷವಾಗಿ ಏನೂ ಮಾಡುವುದಿಲ್ಲ, ಸ್ಥಳೀಯ ಡಿಸ್ಕಿನಂತೆಯೇ ಅದು ನಡೆದುಕೊಳ್ಳುತ್ತದೆ ಎಂದು ನಂಬುತ್ತೇವೆ ಎನ್ನುತ್ತದೆ. ಕಡ್ಡಾಯ ಷರತ್ತು ಹಾರ್ಡ್ ಮೌಂಟ್ ಒಂದೇ. ಮೌಂಟಿನಲ್ಲಿ ಸಿಂಕ್ ಬೇಕಿಲ್ಲ, ಯಾಕೆಂದರೆ ಬೇಕಾದಾಗ ಪೋಸ್ಟ್‌ಗ್ರೆಸ್ ತಾನೇ ಎಫ್‌ಸಿಂಕ್ ಕರೆಯುತ್ತದೆ. ಆದರೆ ಸರ್ವರ್ ಕಡೆಯ ಎಕ್ಸ್‌ಪೋರ್ಟಿನಲ್ಲಿ ಸಿಂಕ್ ಇರಲಿ ಎಂದು ಬಲವಾಗಿ ಹೇಳುತ್ತದೆ. ಇಲ್ಲದಿದ್ದರೆ ಎಫ್‌ಸಿಂಕನ್ನೇ ಆಫ್ ಮಾಡಿಟ್ಟಷ್ಟು ಅಪಾಯ.

ಎರಡು ಸಿಂಕ್‌ಗಳ ಈ ವ್ಯತ್ಯಾಸವನ್ನು ಜನ ತಿರುಗುಮುರುಗಾಗಿ ಹಿಡಿಯುತ್ತಾರೆ. ಕ್ಲೈಂಟಿನಲ್ಲಿ ಸಿಂಕ್ ಹಾಕಿ ನಿಧಾನ ಮಾಡಿಕೊಂಡು, ಆ ನಿಧಾನವನ್ನು ಸರಿಪಡಿಸಲು ಸರ್ವರಿನಲ್ಲಿ ಅಸಿಂಕ್ ಹಾಕುತ್ತಾರೆ. ಎರಡೂ ತಪ್ಪು. ಲಿನಕ್ಸಿನ ಎನ್‌ಎಫ್‌ಎಸ್ ಪರಿಕರಗಳಲ್ಲಿ 1.0.0ರ ನಂತರದ ಎಲ್ಲ ಆವೃತ್ತಿಗಳಲ್ಲೂ ಎಕ್ಸ್‌ಪೋರ್ಟ್ ತಾನಾಗಿಯೇ ಸಿಂಕ್. ಅಸಿಂಕ್ ಇದೆ ಅಂದರೆ ಯಾರೋ ಕೈಯಾರೆ ಹಾಕಿದ್ದಾರೆ.

ಪೋಸ್ಟ್‌ಗ್ರೆಸ್‌ನ ನಿಜವಾದ ಅಪಾಯ ಇರುವುದು ಇಬ್ಬರು ಯಜಮಾನರ ವಿಷಯದಲ್ಲಿ. ಒಂದೇ ಡೈರೆಕ್ಟರಿ ಮೇಲೆ ಎರಡು ಪೋಸ್ಟ್‌ಗ್ರೆಸ್ ಏಳದಂತೆ ಅದು ತನ್ನ ಪ್ರಕ್ರಿಯೆಯ ಸಂಖ್ಯೆ ಬರೆದ ಒಂದು ಪಿಐಡಿ ಫೈಲು ಇಡುತ್ತದೆ. ಏಳುವಾಗ ಆ ಸಂಖ್ಯೆಯ ಪ್ರಕ್ರಿಯೆ ಬದುಕಿದೆಯೇ, ಅದರ ಹಂಚಿಕೆಯ ಮೆಮೊರಿ ಬಳಕೆಯಲ್ಲಿದೆಯೇ ಎಂದು ನೋಡುತ್ತದೆ. ಇದೆಲ್ಲ ಒಂದೇ ಯಂತ್ರದೊಳಗಿನ ಲೆಕ್ಕ. ಎನ್‌ಎಫ್‌ಎಸ್ ಮೇಲಿನ ಅದೇ ಡೈರೆಕ್ಟರಿಯನ್ನು ಇನ್ನೊಂದು ಯಂತ್ರ ತೆರೆದರೆ, ಆ ಸಂಖ್ಯೆಯ ಪ್ರಕ್ರಿಯೆ ತನ್ನಲ್ಲಿ ಇಲ್ಲವಲ್ಲ, ಇದು ಹಳೆಯ ಫೈಲು ಎಂದು ಅಳಿಸಿ ತಾನೂ ಏಳುತ್ತದೆ. ಆಮೇಲೆ ಇಬ್ಬರೂ ಬರೆಯುತ್ತಾರೆ.

ಕೋರಮಂಗಲ, ಎಚ್‌ಎಸ್‌ಆರ್ ಲೇಔಟಿನ ಸ್ಟಾರ್ಟಪ್ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪ್ರೋಗ್ರಾಂಗಳನ್ನು ಪಾಡ್ ಎಂಬ ಪೊಟ್ಟಣಗಳಲ್ಲಿ ಹಲವು ಯಂತ್ರಗಳಿಗೆ ಹಂಚಿ ಓಡಿಸುವ ಕುಬರ್ನೆಟೀಸ್‌ನಲ್ಲಿ ಎನ್‌ಎಫ್‌ಎಸ್ ವಾಲ್ಯೂಮ್ ಅಂದರೆ ಅನೇಕ ನೋಡುಗಳು ಒಟ್ಟಿಗೆ ಬರೆಯಬಹುದಾದ ವಾಲ್ಯೂಮ್. ಒಂದು ನೋಡ್ ನೆಟ್‌ವರ್ಕಿನಿಂದ ಕಡಿದುಹೋಗಿ "ನಾಟ್ ರೆಡಿ" ಆಗುತ್ತದೆ. ಪಾಡ್ ಸತ್ತಿದೆ ಎಂದು ನೀವು ಬಲವಂತವಾಗಿ ಅಳಿಸುತ್ತೀರಿ. ಹೊಸ ಪಾಡ್ ಬೇರೆ ನೋಡಿನಲ್ಲಿ ಏಳುತ್ತದೆ. ಹಳೆಯದು ನಿಜಕ್ಕೂ ಸತ್ತಿತ್ತೇ? ನೆಟ್‌ವರ್ಕ್ ಮರಳಿದ ಕ್ಷಣ ಅದು ಹಾರ್ಡ್ ಮೌಂಟಿನ ಕಾಯುವಿಕೆಯಿಂದ ಎದ್ದು, ಬಾಕಿ ಇದ್ದದ್ದನ್ನು ಬರೆಯಲು ಶುರು ಮಾಡುತ್ತದೆ. ಹಳೆಯ ನೋಡಿನ ಪವರ್ ಕಡಿಯದೆ ಹೊಸದನ್ನು ಎಬ್ಬಿಸಬಾರದು. ಈ ಬೇಲಿ ಹಾಕುವ ಕೆಲಸ ನಿಮ್ಮಿಂದ ಆಗದಿದ್ದರೆ ಪೋಸ್ಟ್‌ಗ್ರೆಸನ್ನು ಎನ್‌ಎಫ್‌ಎಸ್ ಮೇಲೆ ಇಡಬೇಡಿ.

2018ರ ಎಫ್‌ಸಿಂಕ್ ಗಲಾಟೆ ನೆನಪಿದ್ದವರಿಗೆ ಇನ್ನೊಂದು. ಒಮ್ಮೆ ವಿಫಲವಾದ ಎಫ್‌ಸಿಂಕನ್ನು ಮತ್ತೆ ಕರೆದರೆ ಲಿನಕ್ಸ್ "ಸರಿ" ಅನ್ನುತ್ತಿತ್ತು, ಆದರೆ ಡೇಟಾ ಹೋಗಿರುತ್ತಿತ್ತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಎಫ್‌ಸಿಂಕ್ ತಪ್ಪಿದರೆ ಕೂಡಲೇ ತಾನೇ ಬಿದ್ದು, ಲಾಗಿನಿಂದ ಚೇತರಿಸಿಕೊಳ್ಳುತ್ತದೆ. ಎನ್‌ಎಫ್‌ಎಸ್‌ನಲ್ಲಿ ಜಾಗ ತುಂಬಿದ ಸುದ್ದಿ ಕೂಡ ಬರೆಯುವಾಗ ಬಾರದೆ ಎಫ್‌ಸಿಂಕ್ ಹೊತ್ತಿಗೆ ಬರಬಹುದು. ಹಾಗಾಗಿ ಅದಕ್ಕಿಂತ ಹಳೆಯ ಆವೃತ್ತಿಯನ್ನು ನೆಟ್‌ವರ್ಕ್ ಮೇಲೆ ಓಡಿಸುತ್ತಿದ್ದರೆ ಮೊದಲು ಅಪ್‌ಗ್ರೇಡ್ ಮಾಡಿ.

ಪೋಸ್ಟ್‌ಗ್ರೆಸ್ ಒಂದು ಸಮುದಾಯ ಬೆಳೆಸುವ ಡೇಟಾಬೇಸ್, ಹಾಗಾಗಿ ಇಲ್ಲಿ ವೆಂಡರ್ ಎಂದರೆ ನೀವು ಹಣ ಕೊಟ್ಟು ಸಪೋರ್ಟ್ ಪಡೆಯುವ ಕಂಪನಿ. ಅವರ ಒಪ್ಪಂದದಲ್ಲಿ ಎನ್‌ಎಫ್‌ಎಸ್ ಎಂಬ ಪದ ಇದೆಯೇ ಇಲ್ಲವೇ ಎಂಬುದೇ ನಿಮ್ಮ ಸಪೋರ್ಟ್. ಸಮುದಾಯದ ಕೈಪಿಡಿ ಎರಡನೆಯ ಮೆಟ್ಟಿಲಿನವರೆಗೆ ಕರೆದೊಯ್ಯುತ್ತದೆ, ರಾತ್ರಿ ಎರಡು ಗಂಟೆಗೆ ಫೋನು ಎತ್ತುವವರು ಬೇರೆ.

ಎಸ್‌ಕ್ಯುಎಲ್ ಸರ್ವರ್: ವಿಂಡೋಸಿಗೆ ಒಂದು ಉತ್ತರ, ಲಿನಕ್ಸಿಗೆ ಇನ್ನೊಂದು

ವಿಂಡೋಸಿನಲ್ಲಿ ಮಾತು ಎನ್‌ಎಫ್‌ಎಸ್ ಅಲ್ಲ, ವಿಂಡೋಸಿನ ಫೈಲು ಹಂಚಿಕೆಯ ಪ್ರೋಟೋಕಾಲ್ ಆದ ಎಸ್‌ಎಂಬಿ. ಹಿಂದೆ ಟ್ರೇಸ್ ಫ್ಲ್ಯಾಗ್ 1807 ಎಂಬ ಒಳ ಸ್ವಿಚ್ ಹಾಕಿ ಒತ್ತಾಯದಿಂದ ನೆಟ್‌ವರ್ಕ್ ಹಂಚಿಕೆಯ ಮೇಲೆ ಡೇಟಾಬೇಸ್ ಇಡಬೇಕಿತ್ತು. ಎಸ್‌ಕ್ಯುಎಲ್ ಸರ್ವರ್ 2008 ಆರ್2 ಆವೃತ್ತಿಯಿಂದ ಅದು ಬೇಕಾಗಲಿಲ್ಲ. 2012ರಿಂದ ಮಾಸ್ಟರ್, ಟೆಂಪ್‌ಡಿಬಿಯಂಥ ಸಿಸ್ಟಮ್ ಡೇಟಾಬೇಸುಗಳನ್ನೂ ಇಡಬಹುದು, ಒಂದು ಯಂತ್ರ ಬಿದ್ದರೆ ಇನ್ನೊಂದು ವಹಿಸಿಕೊಳ್ಳುವ ಫೇಲ್‌ಓವರ್ ಕ್ಲಸ್ಟರಿಗೂ ಬಳಸಬಹುದು. ಮೈಕ್ರೋಸಾಫ್ಟ್ ಇದನ್ನು ಸ್ಪಷ್ಟವಾಗಿ ಬರೆದುಕೊಟ್ಟಿದೆ, ಫೈಲ್ ಸರ್ವರ್ ಕೂಡ ವಿಂಡೋಸ್ ಆದರೆ ಎರಡೂ ತುದಿ ಒಬ್ಬರದೇ. ಅದು ದೊಡ್ಡ ಅನುಕೂಲ. ದಾರಿಯನ್ನು ಮಾತ್ರ ಸರ್ವರ್ ಹೆಸರು, ಹಂಚಿಕೆಯ ಹೆಸರು ಎಂಬ ಪೂರ್ಣ ರೂಪದಲ್ಲಿ ಕೊಡಬೇಕು. ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿದ್ದಾಗಲಿ, ಡಾಲರ್ ಚಿಹ್ನೆಯ ಆಡಳಿತ ಹಂಚಿಕೆಯಾಗಲಿ ಸಪೋರ್ಟಿನೊಳಗೆ ಬರುವುದಿಲ್ಲ. ದೊಡ್ಡ ಫೈಲುಗಳನ್ನು ಡೇಟಾಬೇಸಿನ ಜೊತೆ ಇಡುವ ಫೈಲ್‌ಸ್ಟ್ರೀಮ್ ಬಳಸುವವರಿಗೂ ಈ ದಾರಿ ಇಲ್ಲ.

ಲಿನಕ್ಸಿನಲ್ಲಿ ಎಸ್‌ಕ್ಯುಎಲ್ ಸರ್ವರ್ 2017ರಿಂದ ಬಂತು. ಅಲ್ಲಿ ಷರತ್ತು ಬಿಗಿ: ಎನ್‌ಎಫ್‌ಎಸ್ 4.2 ಅಥವಾ ಅದಕ್ಕಿಂತ ಮೇಲೆ. ಅದಕ್ಕೆ ಬೇಕಾದ ಜಾಗ ಕಾದಿರಿಸುವ, ವಿರಳ ಫೈಲು ಮಾಡುವ ಸೌಲಭ್ಯಗಳು ಹಳೆಯದರಲ್ಲಿ ಇಲ್ಲ. ಡೇಟಾ ಇರುವ ಡೈರೆಕ್ಟರಿ ಮಾತ್ರ ಎನ್‌ಎಫ್‌ಎಸ್ ಮೇಲೆ, ಬೈನರಿಗಳು ಸ್ಥಳೀಯ ಡಿಸ್ಕಿನಲ್ಲಿ, ಮೌಂಟಿನಲ್ಲಿ ನೋಲಾಕ್ (ಸರ್ವರಿನಲ್ಲಿ ಲಾಕ್ ಹಾಕಬೇಡ ಎಂಬ ಆಯ್ಕೆ).

ಚುಕ್ಕಿಯ ನಂತರದ ಅಂಕಿ ಅಂದೆನಲ್ಲ, ಅದು ಇಲ್ಲೇ. ಅಮೆಜಾನ್ ಕ್ಲೌಡಿನ ಫೈಲ್ ಸ್ಟೋರೇಜ್ ಆದ ಇಎಫ್‌ಎಸ್ ಮಾತಾಡುವುದು ಎನ್‌ಎಫ್‌ಎಸ್ 4.0 ಮತ್ತು 4.1. ಎಸ್‌ಕ್ಯುಎಲ್ ಸರ್ವರ್ ಕೇಳುವುದು 4.2. ಮೌಂಟ್ ಆಗಬಹುದು, ಓಡಲೂಬಹುದು, ಆದರೆ ಷರತ್ತಿನ ಹೊರಗಿದ್ದೀರಿ. ಎಸ್‌ಪಿ ರಸ್ತೆಯ ಪೆಟ್ಟಿಗೆಗಳಲ್ಲೂ ಹಲವು 4.1ರಲ್ಲೇ ನಿಂತಿರುತ್ತವೆ. ಕೊಳ್ಳುವ ಮೊದಲೇ ಕೇಳಿ.

ಮೈಎಸ್‌ಕ್ಯುಎಲ್: ಎಚ್ಚರಿಕೆಯನ್ನು ಎಚ್ಚರಿಕೆಯಾಗಿಯೇ ಓದಿ

ಮೈಎಸ್‌ಕ್ಯುಎಲ್ ಕೈಪಿಡಿಯ ಮಾತು, ಎನ್‌ಎಫ್‌ಎಸ್ ಬಳಸುವ ಮುಂಚೆ ಹುಷಾರಾಗಿರಿ ಎಂಬುದು. ಲಾಕು ಸಿಕ್ಕಿಹಾಕಿಕೊಳ್ಳಬಹುದು, ನೆಟ್‌ವರ್ಕ್ ಸಂದೇಶಗಳು ಹಿಂದುಮುಂದಾಗಿ ಡೇಟಾ ಕೆಡಬಹುದು, ಟಿಸಿಪಿ ಮತ್ತು ಹಾರ್ಡ್ ಬಳಸಿ ಎನ್ನುತ್ತದೆ. ವೃತ್ತಿಪರ ಸ್ಟೋರೇಜ್ ವ್ಯವಸ್ಥೆಯೊಳಗಿನ ಎನ್‌ಎಫ್‌ಎಸ್ ಹೆಚ್ಚು ನಂಬಿಕೆಗೆ ಅರ್ಹ ಎಂದೂ ಸೇರಿಸುತ್ತದೆ. ಇದು ಎರಡನೆಯ ಮೆಟ್ಟಿಲಿನ ಕೆಳಭಾಗ.

ಲಾಕಿನ ಕಷ್ಟ ಹೀಗೆ ಬರುತ್ತದೆ. ಮೈಎಸ್‌ಕ್ಯುಎಲ್ ಒಳಗೆ ಡೇಟಾ ಇಡುವ ಭಾಗವಾದ ಇನ್ನೋಡಿಬಿ ತನ್ನ ಮುಖ್ಯ ಫೈಲಿನ ಮೇಲೆ ಲಾಕ್ ಹಾಕುತ್ತದೆ. ಎನ್‌ಎಫ್‌ಎಸ್ 3ರಲ್ಲಿ ಡೇಟಾಬೇಸ್ ಸರ್ವರ್ ಹಠಾತ್ತನೆ ಸತ್ತರೆ ಆ ಲಾಕು ಪೆಟ್ಟಿಗೆಯಲ್ಲಿ ಉಳಿದು, ಮತ್ತೆ ಎದ್ದ ಮೈಎಸ್‌ಕ್ಯುಎಲ್‌ಗೆ "ಲಾಕ್ ಮಾಡಲಾಗಲಿಲ್ಲ, ತಪ್ಪು 11" ಸಿಗುತ್ತದೆ. ಬೇಸತ್ತು ನೋಲಾಕ್ ಹಾಕಿದರೆ ಆ ತೊಂದರೆ ಹೋಗುತ್ತದೆ, ಜೊತೆಗೆ ಇಬ್ಬರು ಯಜಮಾನರನ್ನು ತಡೆಯುತ್ತಿದ್ದ ಬಾಗಿಲೂ ಹೋಗುತ್ತದೆ. ಮೈಎಸ್‌ಕ್ಯುಎಲ್ ಇಡಲೇಬೇಕಿದ್ದರೆ ಎನ್‌ಎಫ್‌ಎಸ್ 4.1 ಬಳಸಿ. ನನ್ನ ಸಲಹೆ ಕೇಳಿದರೆ, ಸಣ್ಣ ಸಂಸ್ಥೆ ಇಡಬಾರದು.

ಉಳಿದವು, ಚುಟುಕಾಗಿ

ಮಾಂಗೋಡಿಬಿ ಹಾರ್ಡ್, ನೋಲಾಕ್, ನೋಎಟೈಮ್ ಮುಂತಾದ ಆಯ್ಕೆಗಳನ್ನು ಪಟ್ಟಿ ಮಾಡಿ ಎನ್‌ಎಫ್‌ಎಸ್‌ಗೆ ಒಪ್ಪುತ್ತದೆ, ನಿಧಾನವಾಗಬಹುದು ಎನ್ನುತ್ತದೆ. ಆದರೆ ಅದರ ಬಲವೇ ಮೂರು ಕಡೆ ಮೂರು ಪ್ರತಿ ಇಡುವುದು. ಮೂರನ್ನೂ ಒಂದೇ ನ್ಯಾಸ್ ಮೇಲೆ ಇಟ್ಟರೆ ಪೆಟ್ಟಿಗೆಯ ಜೊತೆ ಮೂರೂ ಹೋಗುತ್ತವೆ. ಎಸ್‌ಎಪಿ ಹಾನಾ, ಪ್ರಮಾಣೀಕರಿಸಿದ ಸ್ಟೋರೇಜ್ ಮೇಲೆ ಎನ್‌ಎಫ್‌ಎಸ್ ಒಪ್ಪುತ್ತದೆ. ಮೈಕ್ರೋಸಾಫ್ಟಿನ ಕ್ಲೌಡ್ ಅಜೂರಿನ ನೆಟ್‌ಆ್ಯಪ್ ಫೈಲ್ಸ್ ಮೇಲೆ ಅದರ ಡೇಟಾ ಮತ್ತು ಲಾಗ್ ಎರಡಕ್ಕೂ ಎನ್‌ಎಫ್‌ಎಸ್ 4.1 ಬೇಕು. ಎಸ್‌ಕ್ಯುಲೈಟ್‌ನವರು ಎನ್‌ಎಫ್‌ಎಸ್ ಲಾಕನ್ನು ನಂಬಬೇಡಿ ಎಂದೇ ಹೇಳುತ್ತಾರೆ. ಅದರ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಲಾಗಿಗೆ ಬರೆಯುವ ಬಗೆ) ನೆಟ್‌ವರ್ಕ್ ಫೈಲ್ ಸಿಸ್ಟಮ್ ಮೇಲೆ ಕೆಲಸ ಮಾಡುವುದೇ ಇಲ್ಲ. ಯಂತ್ರಗಳ ಅಳತೆ ಸಂಗ್ರಹಿಸುವ ಪ್ರೊಮಿಥಿಯಸ್, ಇಎಫ್‌ಎಸ್ ಹೆಸರನ್ನೂ ಎತ್ತಿ ಹೇಳಿ ಎನ್‌ಎಫ್‌ಎಸ್‌ಗೆ ಸಪೋರ್ಟ್ ಇಲ್ಲ ಎಂದಿದೆ. ಇಷ್ಟು ನೇರವಾಗಿ "ಬೇಡ" ಎಂದವರಿಗೆ ನಾವು ಋಣಿಯಾಗಿರಬೇಕು.

ಅದೇ ಪೆಟ್ಟಿಗೆ, ಬೇರೆ ದಾರಿ

ನ್ಯಾಸ್ ಕೊಂಡಾಗಿದೆ, ಹಣ ಹೋಗಿದೆ ಎನ್ನುವವರಿಗೆ ಒಂದು ದಾರಿ ಇದೆ. ಬಹುತೇಕ ಪೆಟ್ಟಿಗೆಗಳು ಎನ್‌ಎಫ್‌ಎಸ್ ಜೊತೆಗೆ ಐಸ್ಕಸಿ ಎಂಬ ಇನ್ನೊಂದು ಪ್ರೋಟೋಕಾಲನ್ನೂ ಕೊಡುತ್ತವೆ. ಆಗ ಸರ್ವರಿಗೆ ಅದು ಒಂದು ಡಿಸ್ಕಿನಂತೆ ಕಾಣುತ್ತದೆ. ಅದರ ಮೇಲೆ ಎಕ್ಸ್‌ಎಫ್‌ಎಸ್ ಅಥವಾ ಇಎಕ್ಸ್‌ಟಿ4 ಹಾಕಿದರೆ ಡೇಟಾಬೇಸ್ ಕಣ್ಣಿಗೆ ಸ್ಥಳೀಯ ಫೈಲ್ ಸಿಸ್ಟಮ್. ಲಾಕಿನ ತಂಟೆ ಇಲ್ಲ, ಸಪೋರ್ಟಿನವರ "ಎನ್‌ಎಫ್‌ಎಸ್ಸಾ?" ಎಂಬ ಪ್ರಶ್ನೆಯೂ ಇಲ್ಲ. ಆದರೆ ಎರಡು ಯಂತ್ರಗಳಿಂದ ಒಂದೇ ಡಿಸ್ಕನ್ನು ಮೌಂಟ್ ಮಾಡಿದರೆ ಫೈಲ್ ಸಿಸ್ಟಮೇ ಹಾಳು, ಮತ್ತು ಪೆಟ್ಟಿಗೆಯ ಕ್ಯಾಶ್ ಸುಳ್ಳು ಹೇಳಿದರೆ ಇಲ್ಲೂ ಕೇಡು ತಪ್ಪದು.

ಡೇಟಾ ಒಂದೆರಡು ಟೆರಾಬೈಟಿನ ಒಳಗಿದ್ದರೆ ನನ್ನ ಮೊದಲ ಆಯ್ಕೆ ಸರ್ವರಿನಲ್ಲೇ ಕನ್ನಡಿ ಜೋಡಿಯಾಗಿ ಎರಡು ಎನ್‌ವಿಎಂಇ ಡಿಸ್ಕು, ಪಕ್ಕದ ಯಂತ್ರದಲ್ಲಿ ಒಂದು ರೆಪ್ಲಿಕಾ (ಜೊತೆಜೊತೆಗೆ ನವೀಕರಿಸುವ ಪ್ರತಿ). ಒಂದು ಗಿಗಾಬಿಟ್ ನೆಟ್‌ವರ್ಕ್ ಏನೇ ಮಾಡಿದರೂ ಸೆಕೆಂಡಿಗೆ 125 ಮೆಗಾಬೈಟ್ ದಾಟದು, ಪ್ರತಿ ಕಮಿಟ್ಟೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಹೋಗಿ ಬರುವ ದಾರಿ ಕಾಯಬೇಕು. ಕ್ಲೌಡಿನಲ್ಲಿದ್ದರೆ ಇಎಫ್‌ಎಸ್ ಬದಲು ಇಬಿಎಸ್‌ನಂಥ ಬ್ಲಾಕ್ ಸ್ಟೋರೇಜ್, ಅಂದರೆ ಯಂತ್ರಕ್ಕೆ ಡಿಸ್ಕಿನಂತೆ ಕಾಣುವ ಸ್ಟೋರೇಜ್.

ಬ್ಯಾಕಪ್ಪಿಗೆ, ಆರ್ಕೈವ್ ಲಾಗಿಗೆ ಎನ್‌ಎಫ್‌ಎಸ್ ಒಳ್ಳೆಯ ಜಾಗ. ಅಲ್ಲಿ ಒಂದನ್ನು ಗಮನಿಸಿ: ಹಾರ್ಡ್ ಮೌಂಟಿನ ಪೆಟ್ಟಿಗೆ ಸಿಗದಿದ್ದರೆ ಆರ್ಕೈವ್ ನಿಂತು, ಮುಖ್ಯ ಸರ್ವರಿನ ಲಾಗ್ ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲಬಹುದು. ಅಲಾರಂ ಇಡಿ.

ಬರೆಸಿಕೊಳ್ಳಿ, ಆಮೇಲೆ ಪ್ಲಗ್ ಕೀಳಿ

ಕೊಳ್ಳುವ ಮೊದಲು ಡೇಟಾಬೇಸ್ ವೆಂಡರಿಗೂ ಸ್ಟೋರೇಜ್ ವೆಂಡರಿಗೂ ಒಂದೇ ಮೇಲ್ ಕಳಿಸಿ, ಇಬ್ಬರೂ ಒಬ್ಬರಿಗೊಬ್ಬರು ಕಾಣುವಂತೆ. ಡೇಟಾಬೇಸ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್ ಮತ್ತು ಕರ್ನೆಲ್, ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಆವೃತ್ತಿ, ಮೌಂಟ್ ಸಾಲು ಅಕ್ಷರಶಃ, ಪೆಟ್ಟಿಗೆಯ ಮಾದರಿ, ಫರ್ಮ್‌ವೇರ್ ಎಲ್ಲ ಬರೆದು ಕೇಳಿ: "ಈ ಜೋಡಣೆಯಲ್ಲಿ ಡೇಟಾ ಕೆಟ್ಟರೆ ನಮ್ಮ ಟಿಕೆಟ್ ತೆಗೆದುಕೊಂಡು ಕೊನೆವರೆಗೆ ನೀವು ನಡೆಸುತ್ತೀರಾ?" ಉತ್ತರ ಫೋನಿನಲ್ಲಿ ಬಂದರೆ ಸಾಲದು. ಮೇಲ್ ಬರಲಿಲ್ಲ ಅಂದರೆ ಅದನ್ನೇ "ಇಲ್ಲ" ಎಂದು ಲೆಕ್ಕ ಹಿಡಿಯಿರಿ.

ಪರೀಕ್ಷೆಗೆ ಪೋಸ್ಟ್‌ಗ್ರೆಸ್ ಜೊತೆ ಬರುವ ಪಿಜಿ-ಟೆಸ್ಟ್-ಎಫ್‌ಸಿಂಕ್ ಎಂಬ ಪುಟ್ಟ ಸಾಧನ ಇದೆ. ಇನ್ಯಾವ ಡೇಟಾಬೇಸ್ ಬಳಸಿದರೂ ಇದನ್ನು ಓಡಿಸಿ. ನಿಮಿಷಕ್ಕೆ 7200 ಸುತ್ತುವ ಡಿಸ್ಕು ಸೆಕೆಂಡಿಗೆ 120 ಸುತ್ತುತ್ತದೆ. ಬ್ಯಾಟರಿ ರಕ್ಷಣೆಯ ಕ್ಯಾಶ್ ಇಲ್ಲದ ಅಂಥ ಡಿಸ್ಕಿನ ಪೆಟ್ಟಿಗೆ ಸೆಕೆಂಡಿಗೆ ಐದು ಸಾವಿರ ಎಫ್‌ಸಿಂಕ್ ಮಾಡಿದೆ ಎಂದರೆ ಎಲ್ಲೋ ಸುಳ್ಳು ನಡೆದಿದೆ. ಆ ದೊಡ್ಡ ಸಂಖ್ಯೆ ನೋಡಿ ಖುಷಿಪಡುವ ಜಾಗ ಅದಲ್ಲ.

ಕೊನೆಯದಾಗಿ ಪ್ಲಗ್ ಪರೀಕ್ಷೆ, ಖಾಲಿ ಡೇಟಾಬೇಸ್ ಮೇಲೆ. ಮೂರನೆಯ ಒಂದು ಯಂತ್ರದಿಂದ ಒಂದೊಂದೇ ಸಂಖ್ಯೆ ಸೇರಿಸಿ ಕಮಿಟ್ ಮಾಡುತ್ತ, ಕಮಿಟ್ ಆದ ಪ್ರತಿ ಸಂಖ್ಯೆಯನ್ನು ಪರದೆ ಮೇಲೆ ಬರೆಯುವ ಸಣ್ಣ ಸ್ಕ್ರಿಪ್ಟ್ ಓಡಿಸಿ. ನಡುವೆ ಸ್ಟೋರೇಜಿನ ಪ್ಲಗ್ಗನ್ನೂ ಡೇಟಾಬೇಸ್ ಸರ್ವರಿನ ಪ್ಲಗ್ಗನ್ನೂ ಕೀಳಿ. ಸರ್ವರಿನ ಪ್ಲಗ್ ಕೀಳದೆ ಬಿಟ್ಟರೆ ಅದರ ನೆನಪಿನಲ್ಲಿರುವ ಡೇಟಾ ನಷ್ಟವನ್ನು ಮುಚ್ಚಿಹಾಕುತ್ತದೆ. ಎರಡನ್ನೂ ಎಬ್ಬಿಸಿ, ಟೇಬಲಿನ ಕೊನೆಯ ಸಂಖ್ಯೆ ನೋಡಿ. ಪರದೆಯದಕ್ಕಿಂತ ಒಂದು ಹೆಚ್ಚಿದ್ದರೆ ತೊಂದರೆಯಿಲ್ಲ, ಕಮಿಟ್ ಆಗಿ ಉತ್ತರ ತಲುಪುವ ಮುಂಚೆ ಕರೆಂಟು ಹೋಗಿದೆ ಅಷ್ಟೇ. ಒಂದೇ ಒಂದು ಕಡಿಮೆ ಇದ್ದರೂ ಆ ಜೋಡಣೆ ಬೇಡ. ಹತ್ತು ಸಲವಾದರೂ ಮಾಡಿ.

ಪೀಣ್ಯದಲ್ಲಿ ಈಗ ಡೇಟಾಬೇಸ್ ಸರ್ವರಿನ ಎನ್‌ವಿಎಂಇ ಜೋಡಿಯ ಮೇಲಿದೆ, ರೆಪ್ಲಿಕಾ ಅಕೌಂಟ್ಸ್ ಕೋಣೆಯ ಯಂತ್ರದಲ್ಲಿ. ನ್ಯಾಸ್ ಪೆಟ್ಟಿಗೆ ಅದೇ ರ‍್ಯಾಕಿನಲ್ಲಿ ಹೊಸ ಬ್ಯಾಟರಿಯ ಜೊತೆ ಕೂತಿದೆ, ಡ್ರಾಯಿಂಗುಗಳೂ ರಾತ್ರಿಯ ಬ್ಯಾಕಪ್ಪೂ ಅದರಲ್ಲಿ. ಪ್ಲಗ್ ಪರೀಕ್ಷೆ ಮಾಡಿದ ದಿನ ಅಕೌಂಟ್ಸ್ ಮೇಡಂ ತಾವೇ ಕೀಳುತ್ತೇನೆ ಎಂದು ಬಂದು ನಿಂತರು. ಪರದೆಯ ಮೇಲೆ ಕೊನೆಗೆ ಬಂದದ್ದು 41,206. ಸರ್ವರ್ ಎದ್ದ ಮೇಲೆ ಟೇಬಲಿನಲ್ಲಿ ಇದ್ದದ್ದು 41,207. ಮೇಡಂ ಎರಡನ್ನೂ ತಮ್ಮ ಲೆಡ್ಜರಿನ ಅಂಚಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ತಾರೀಕು ಹಾಕಿದರು.